ಪ್ರಾಗಿನ ಮದುವೆಯಲ್ಲಿ ಬಾಯ್ತುಂಬ ಕವಳ

ಸಹನಾ, ಪ್ರಣವ, ಪುಟ್ಟಿ,

ನಾನು ಪರದೇಶದಿಂದ ಬಂದ ದಿನ ನೀವು ಮೂವರೂ ಸುತ್ತ ಕುಳಿತು, "ಅಜ್ಜಿ, ಎಂತೆಂತ ನೋಡಿದೆ ಹೇಳು" ಅಂದಿರಿ. ನಾನು "ಎಲ್ಲ ಚೆನ್ನಾಗಿತ್ತು" ಎಂದು ಹೇಳಿ ಪಾತ್ರೆ ತೊಳೆಯಲು ಎದ್ದುಹೋದೆ. ಪುಟ್ಟಿಯ ಮುಖ ಬಾಡಿದ್ದು ನನಗೆ ಕಾಣಲಿಲ್ಲವೆಂದಲ್ಲ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದಾರೆ ಎಂದರೆ ನನ್ನ ನಾಲಿಗೆ ಒಣಗುತ್ತದೆ, ನೋಡುವವರು ನಾನೇ ಎತ್ತಿ ಆಡಿಸಿದ ಮಕ್ಕಳಾದರೂ ಅಷ್ಟೆ. ನಮ್ಮೂರ ಶಾಲೆಯ ಮೇಷ್ಟ್ರು, "ಈ ಹುಡುಗಿಯ ಬಾಯಿಂದ ಮಾತು ತೆಗೆಯೋದಕ್ಕಿಂತ ಗೋಡೆಯಿಂದ ಎಣ್ಣೆ ತೆಗೆಯೋದು ಸುಲಭ. ಆದರೆ ಅಕ್ಷರ ಮಾತ್ರ ಮಲ್ಲಿಗೆ ಮೊಗ್ಗು" ಎನ್ನುತ್ತಿದ್ದರು. ಆ ಮೊಗ್ಗುಗಳನ್ನೇ ನಂಬಿಕೊಂಡು ಬರೆಯುತ್ತಿದ್ದೇನೆ.

ಯುರೋಪನ್ನೆಲ್ಲ ಬರೆಯುವುದಿಲ್ಲ. ಅರ್ಧ ಯುರೋಪು ಹಾದುಹೋಗುವಾಗ ನಾನು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದೆ. ಒಂದೇ ಒಂದು ದಿನದ ಕಥೆ ಹೇಳುತ್ತೇನೆ, ಪ್ರಾಗ್ ಎಂಬ ರಾಜಧಾನಿಯಲ್ಲಿ ಕಳೆದದ್ದು. ಸಹನಾ, ನೀನು ಕೇಳಿದ ಪ್ರಶ್ನೆಗೆ ಉತ್ತರವೂ ಆ ದಿನದೊಳಗೇ ಇದೆ. ಕೊನೆಯ ಹಾಳೆಗೆ ಹಾರಬೇಡ.

ಬಾಳಗಡಿ ಬಿಡುವ ಮೊದಲು

ನಾನು ಹೋದದ್ದು ಆಸೆಪಟ್ಟು ಅಲ್ಲ. ನಿಮ್ಮ ಸರೋಜಜ್ಜಿ ಗೊತ್ತಲ್ಲ, ನಿಮ್ಮ ಅಜ್ಜನ ತಂಗಿ. ನರಸಿಂಹರಾಜಪುರದಲ್ಲಿ ಹೆಡ್‌ಮೇಡಂ ಆಗಿದ್ದವಳು. ನಿವೃತ್ತಿಯಾದರೂ ಅವಳ ಗಂಟಲು ಇನ್ನೂ ನಿವೃತ್ತಿಯಾಗಿಲ್ಲ. ಶಿವಮೊಗ್ಗದಿಂದ ಒಂದಷ್ಟು ಹಳೆಯ ಮೇಷ್ಟ್ರು ಮೇಡಂಗಳು ಸೇರಿ ಹೊರಟಿದ್ದ ಪ್ರವಾಸ ಅದು. ಅವಳ ಜೊತೆ ರೂಮಿನಲ್ಲಿ ಇರಬೇಕಾಗಿದ್ದ ಮೇಡಂಗೆ ಮಂಡಿ ನೋವು ಬಂತು. ಸರೋಜ ನೆಟ್ಟಗೆ ಬಾಳಗಡಿಯ ನಮ್ಮ ಪುಸ್ತಕದ ಅಂಗಡಿಗೆ ಬಂದಳು. ಕಾಲೇಜು ಮಕ್ಕಳು ಝೆರಾಕ್ಸಿಗೆ ನಿಂತಿದ್ದರು. ಅವರೆಲ್ಲರ ಎದುರೇ ಕೇಳಿದಳು.

"ಅತ್ತಿಗೆ, ಪಶುಪತಿನಾಥಕ್ಕೆ ಹೋಗೋದು ಅಂತ ಪಾಸ್‌ಪೋರ್ಟ್ ಮಾಡಿಸಿದ್ರಲ್ಲ, ಅದು ಎಲ್ಲಿದೆ?"

"ಅದು ಯಾತ್ರೆಗೆ ಅಂತ ಮಾಡಿಸಿದ್ದು" ಎಂದೆ.

"ಇದೂ ಯಾತ್ರೆಯೇ ಮಾರಾಯ್ತಿ! ಇಗರ್ಜಿಯೊಳಗೆ ದೇವರಿಲ್ವಾ? ಬನ್ನಿ ಸುಮ್ನೆ."

ಬರುವುದಿಲ್ಲ ಎನ್ನಲು ಬಾಯಿ ಬೇಕು. ಅದು ನನ್ನಲ್ಲಿ ಇರಲಿಲ್ಲ. ಅಲ್ಲದೆ ಆ ದಿನಗಳಲ್ಲಿ ಮನೆಯಲ್ಲಿರುವುದು ನನಗೆ ಕಷ್ಟವಾಗಿತ್ತು. ಸಹನಾ, ನಿನ್ನ ಮದುವೆ ಶೃಂಗೇರಿಯಲ್ಲಿ ಎಂದು ಆಗಷ್ಟೇ ನಿಶ್ಚಯವಾಗಿತ್ತು. ನೀನು ಊಟಕ್ಕೆ ಕುಳಿತವರೆಲ್ಲರ ಎದುರು, "ಧಾರೆ ಆದ ಮೇಲೆ ಮೊದಲ ಆರತಿ ಅಜ್ಜಿಯೇ ಎತ್ತಬೇಕು" ಎಂದುಬಿಟ್ಟೆ. ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಆರತಿ ಎತ್ತುವವರು ಮುತ್ತೈದೆಯರು. ನಿಮ್ಮ ಅಜ್ಜ ಹೋದ ಮೇಲೆ ನಾನು ಎಷ್ಟೋ ಮದುವೆಗಳಿಗೆ ಹೋಗಿದ್ದೇನೆ. ಎಲ್ಲವನ್ನೂ ಅಡಿಗೆ ಕೋಣೆಯ ಬಾಗಿಲಿನಿಂದ, ಇಲ್ಲವೇ ಕಂಬದ ಹಿಂದಿನಿಂದ ನೋಡಿದ್ದೇನೆ. ಹೀಗೆ ನಿಲ್ಲು ಎಂದು ಯಾರೂ ಹೇಳಲಿಲ್ಲ. ಮುಂದೆ ಬಾ ಎಂದೂ ಯಾರೂ ಹೇಳಲಿಲ್ಲ.

"ಗಂಡಿನ ಕಡೆಯವರು ಎಂತ ಅಂದ್ಕೊಳ್ತಾರೆ ಕೂಸೇ?" ಎಂದೆ.

"ನೀನು ಎತ್ತದಿದ್ರೆ ನಂಗೆ ಆರತಿಯೇ ಬೇಡ. ಹೌದು ಅಥವಾ ಇಲ್ಲ, ಒಂದು ಹೇಳು."

ನಾನು ಎರಡನ್ನೂ ಹೇಳದೆ ಯುರೋಪಿಗೆ ಹೋದೆ. ಮನೆಯಲ್ಲಿ ಮಾತು ಬಂದರೆ ಹೆಣ್ಣುಮಕ್ಕಳು ತವರಿಗೆ ಓಡುವುದುಂಟು. ನನ್ನಷ್ಟು ದೂರ ಯಾರೂ ಓಡಿರಲಿಕ್ಕಿಲ್ಲ.

ಹೊರಡುವಾಗ ಸರೋಜ ಒಂದು ಕಟ್ಟಪ್ಪಣೆ ಮಾಡಿದಳು. "ಅತ್ತಿಗೆ, ಕವಳ ಮಾತ್ರ ಬೇಡ. ಅಲ್ಲಿ ರಸ್ತೆ ಎಲ್ಲ ನಮ್ಮ ದೇವರಮನೆ ಇದ್ದ ಹಾಗೆ ಇರ್ತದೆ. ಉಗುಳಿದ್ರೆ ಪೊಲೀಸರು ಹಿಡೀತಾರೆ." ನಾನು ತಲೆಯಾಡಿಸಿದೆ. ಕವಳದ ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಆಗಲೇ ಸಂಚಿಯೊಳಗೆ, ಸಂಚಿ ಸೀರೆಗಳ ಮಡಿಕೆಯೊಳಗೆ ಇದ್ದವು. ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೆ. ಹಸಿರು ಎಲೆಯನ್ನು ಆ ದೇಶಕ್ಕೆ ಒಯ್ಯಬಾರದಂತೆ. ನನಗೆ ತಿಳಿದದ್ದು ವಾಪಸು ಬಂದ ಮೇಲೆ, ಆದ್ದರಿಂದ ನೀವೂ ಯಾರಿಗೂ ಹೇಳಬೇಡಿ.

ಬೆಟ್ಟದ ಮೇಲಿನ ಅರಮನೆ

ಪ್ರಾಗಿನ ಅರಮನೆ ಒಂದು ಗುಡ್ಡದ ಮೇಲಿದೆ. ಅಂದು ಸರೋಜ ನನಗೆ ರೇಷ್ಮೆ ಸೀರೆ ಉಡಿಸಿದ್ದಳು. "ರಾಜರ ಮನೆಗೆ ಹೋಗೋದು, ವಾಯಿಲ್ ಸೀರೆ ಉಟ್ಕೊಂಡು ಹೋಗ್ತೀರಾ?" ಎಂದು ಅವಳ ವಾದ. ರಾಜರು ಹೋಗಿ ಬಹಳ ಕಾಲವಾಗಿದೆ ಎಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ಮೇಲೆ ರೇಷ್ಮೆ ಸೀರೆ, ಕೆಳಗೆ ಕ್ಯಾನ್ವಾಸ್ ಶೂ. ಜನ್ಮದಲ್ಲಿ ಮೊದಲ ಸಲ ಶೂ ಹಾಕಿದ್ದೆ. ಕಾಲನ್ನು ಯಾರೋ ಹಿಡಿದುಕೊಂಡಿದ್ದಾರೆ ಎಂದು ಅನಿಸುತ್ತಲೇ ಇತ್ತು.

ಬಾಗಿಲಲ್ಲಿ ಒಬ್ಬ ಸಿಪಾಯಿ ಬಂದೂಕು ಹಿಡಿದು ನಿಂತಿದ್ದ. ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ಜನ ಅವನ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಪಾಪ ಎನಿಸಿತು. ಯಾರೂ ನೋಡದಿರುವಾಗ ಮೆಲ್ಲಗೆ ಹತ್ತಿರ ಹೋಗಿ, "ಊಟ ಆಯ್ತಾ ಮಗಾ?" ಎಂದೆ. ಕನ್ನಡ ಬರದಿದ್ದರೂ ಅವನ ಕಣ್ಣು ಒಂದು ಸಲ ನನ್ನ ಕಡೆ ತಿರುಗಿತು. ನಮ್ಮ ತಂಡದಲ್ಲಿ ಅವನನ್ನು ಅಲುಗಾಡಿಸಿದವಳು ನಾನೊಬ್ಬಳೇ.

ಒಳಗಿನ ಇಗರ್ಜಿ ನಮ್ಮ ಶೃಂಗೇರಿಯ ಕಲ್ಲು ಗುಡಿಯಂತಲ್ಲ. ಎತ್ತರವೋ ಎತ್ತರ. ಕತ್ತು ಎತ್ತಿದರೆ ಸೆರಗು ಜಾರುತ್ತದೆ. ಬಣ್ಣದ ಗಾಜಿನ ಕಿಟಕಿಗಳಿಂದ ಬಿಸಿಲು ಬಂದು ಎಲ್ಲರ ಮುಖವೂ ಓಕುಳಿ ಆಡಿದ ಹಾಗೆ ಕಾಣುತ್ತಿತ್ತು. ನಮಗೆ ದಾರಿ ತೋರಿಸುತ್ತಿದ್ದ ಹಾನಾ ಎಂಬ ಆ ಊರಿನ ಹುಡುಗಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ನನಗೆ ಇಂಗ್ಲಿಷು ಅಷ್ಟಕ್ಕಷ್ಟೇ. ದೇವರ ಹಿಂದೆ ಸುತ್ತಿಬರಲು ಚೆಂದದ ದಾರಿ ಕಂಡಿತು. ಪ್ರದಕ್ಷಿಣೆಗೆಂದೇ ಬಿಟ್ಟಿದ್ದಾರೆ ಎಂದುಕೊಂಡು ಕೈಮುಗಿದು ಹೊರಟೆ. ಎರಡನೇ ಸುತ್ತಿನಲ್ಲಿ ಹಿಂದೆ ಕಾಲ ಸದ್ದು ಕೇಳಿ ತಿರುಗಿದರೆ, ಯಾವುದೋ ದೇಶದ ಪ್ರವಾಸಿಗರ ಒಂದು ಗುಂಪೇ ಕೈಮುಗಿದುಕೊಂಡು ನನ್ನ ಹಿಂದೆ ಬರುತ್ತಿದೆ! ಅಲ್ಲಿನ ಪದ್ಧತಿಯೇ ಅದು ಎಂದುಕೊಂಡರೋ ಏನೋ. ನಿಂತರೆ ಅವರೂ ನಿಂತರು. ನಡೆದರೆ ಅವರೂ ನಡೆದರು. ನಾಚಿಕೆಯಾಗಿ ಒಂದು ಕಂಬದ ಹಿಂದೆ ಅಡಗಿದೆ. ಮದುವೆಮನೆಯ ಅಭ್ಯಾಸ ಕೈಹಿಡಿಯಿತು.

ಊಟದ ಮನೆ

ಗುಡ್ಡ ಇಳಿದು ಒಂದು ಹೋಟೆಲಿಗೆ ಹೋದೆವು. ತಟ್ಟೆಯಲ್ಲಿ ಬಂದದ್ದನ್ನು ನೋಡಿ ನನಗೆ ಸಂತೋಷವಾಯಿತು. ಅದು ಕಡುಬೇ! ಉದ್ದಕ್ಕೆ ಹಬೆಯಲ್ಲಿ ಬೇಯಿಸಿ, ದಾರದಿಂದ ಬಿಲ್ಲೆ ಬಿಲ್ಲೆಯಾಗಿ ಕುಯ್ಯುತ್ತಾರಂತೆ. ಚಾಕು ತಾಗಿದರೆ ಮುದ್ದೆಯಾಗುತ್ತದೆ ಎಂದು ಹಾನಾ ಹೇಳಿದಳು. ನೆಂಟರ ಮನೆಯಲ್ಲಿ ಕುಳಿತ ಹಾಗಾಯಿತು. ಬಾಯಿಗಿಟ್ಟರೆ ಮಾತ್ರ ಉಪ್ಪು ಇಲ್ಲ, ಹುಳಿ ಇಲ್ಲ, ಖಾರದ ಸುದ್ದಿಯೇ ಇಲ್ಲ. ಜ್ವರ ಬಿಟ್ಟವರಿಗೆ ಮಾಡಿದ ಅಡಿಗೆಯಂತಿತ್ತು. ನಾನು ಚೀಲದಿಂದ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದದ್ದೇ ತಡ, ನಮ್ಮ ನಿವೃತ್ತ ಶಿಕ್ಷಕ ವೃಂದವೆಲ್ಲ ಒಂದನೇ ಕ್ಲಾಸಿನ ಮಕ್ಕಳಂತೆ ತಟ್ಟೆ ಚಾಚಿತು. ಬಡಿಸುತ್ತಿದ್ದ ಆ ಊರಿನವನೂ ಒಂದು ಮಿಡಿ ಕೇಳಿ ಪಡೆದು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಆಮೇಲೆ ಅಡಿಗೆಮನೆಗೆ ಹೋದವನು ನಾವು ಏಳುವವರೆಗೂ ಹೊರಗೆ ಬರಲಿಲ್ಲ.

ಊಟವಾಯಿತು ಎಂದರೆ ಕವಳ ಹಾಕಬೇಕು. ಇದು ನನ್ನ ದೇಹದ ನಿಯಮ. ನಿಮ್ಮ ಅಜ್ಜ ಇರುವಾಗ ಊಟದ ನಂತರ ತಮ್ಮ ಎಲೆಗೆ ಸುಣ್ಣ ಸವರುವಾಗ ನನಗೂ ಒಂದು ಮಡಿಸಿ ಇಡುತ್ತಿದ್ದರು. ಅವರು ಹೋದ ಮೇಲೆ ನಾನು ಬಿಟ್ಟುಬಿಟ್ಟಿದ್ದೆ. ಗಂಡ ಹೋದವಳ ಬಾಯಿ ಕೆಂಪಾಗಿರಬಾರದು ಎಂದು ನಮ್ಮ ಕಾಲದ ಮಾತು. ಸಹನಾ, ನಿನಗೆ ನೆನಪಿಲ್ಲ, ನೀನು ಆಗ ಅಂಗನವಾಡಿಗೆ ಹೋಗುತ್ತಿದ್ದೆ. ಒಂದು ದಿನ ಅಜ್ಜನ ಸಂಚಿಯನ್ನು ಎಲ್ಲಿಂದಲೋ ಎಳೆದು ತಂದು ನನ್ನ ಮಡಿಲಿಗೆ ಹಾಕಿ, "ಅಜ್ಜಿ, ನಿನ್ನ ಬಾಯಿ ಬೆಳ್ಳಗಿದ್ರೆ ಚಂದ ಇಲ್ಲ, ಕೆಂಪು ಮಾಡ್ಕೋ" ಅಂದೆ. ಅಂದು ಹಾಕಿದ್ದು, ಮತ್ತೆ ಬಿಟ್ಟಿಲ್ಲ.

ಸರೋಜ ಕೈ ತೊಳೆಯಲು ಹೋದ ಗಳಿಗೆ ನೋಡಿ, ಮೇಜಿನ ಕೆಳಗೆ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ದವಡೆಗೆ ಸೇರಿಸಿದೆ. ಪರಮ ಸುಖ. ಎದ್ದು ಹೊರಗೆ ಬಂದ ಮೇಲೆಯೇ ನನಗೆ ಹೊಳೆದದ್ದು. ಹಾಕಿಕೊಳ್ಳುವುದನ್ನು ಯೋಚಿಸಿದ್ದೆ. ಉಗುಳುವುದನ್ನು ಯೋಚಿಸಿರಲಿಲ್ಲ.

ಸೇತುವೆ

ಆ ಊರಿನ ನಡುವೆ ದೊಡ್ಡ ಹೊಳೆ. ಅದಕ್ಕೆ ಕಲ್ಲಿನ ಹಳೆಯ ಸೇತುವೆ, ಎರಡೂ ಬದಿಗೆ ಸಾಧುಸಂತರ ವಿಗ್ರಹಗಳು. ಜನವೋ ಜನ. ನನ್ನ ಬಾಯಿ ಆಗಲೇ ಅರ್ಧ ತುಂಬಿತ್ತು.

ಕಟ್ಟೆಯಾಚೆಗೆ ಬಗ್ಗಿ ಉಗುಳಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಗ್ಗಿಯೂ ಬಗ್ಗಿದೆ. ಕೆಳಗೆ ಹೊಳೆ ತಣ್ಣಗೆ ಹರಿಯುತ್ತಿತ್ತು, ಬಿಳಿ ಹಂಸಗಳು ತೇಲುತ್ತಿದ್ದವು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕುವಾಗ ಕಾಲು ಕೂಡ ನೀರಿಗೆ ತಾಗದಂತೆ ನಿಲ್ಲುವವಳು ನಾನು. ಹೊಳೆಗೆ ಉಗುಳುವುದುಂಟೇ? ಅದರ ಹೆಸರು ಗೊತ್ತಿಲ್ಲದಿದ್ದರೇನು, ಹೊಳೆ ಹೊಳೆಯೇ. ಮನಸ್ಸಿನಲ್ಲೇ ಕೈಮುಗಿದು, ಬಾಯಿ ಮುಚ್ಚಿಕೊಂಡು ಹಿಂದೆ ಬಂದೆ.

ಕಸದ ಡಬ್ಬಿ ಕಂಡಿತು. ಅದರ ಪಕ್ಕವೇ ಒಬ್ಬ ತಾಯಿ ಮಗುವಿನ ಗಾಡಿ ನಿಲ್ಲಿಸಿಕೊಂಡಿದ್ದಳು. ಮಗು ನನ್ನನ್ನೇ ದಿಟ್ಟಿಸುತ್ತಿತ್ತು. ಅದಕ್ಕೆ ನನ್ನ ಉಬ್ಬಿದ ಕೆನ್ನೆ ಬಹಳ ಇಷ್ಟವಾಗಿತ್ತು. ಅದೂ ತನ್ನ ಕೆನ್ನೆ ಉಬ್ಬಿಸಿ ತೋರಿಸಿತು. ಅಲ್ಲಿಯೂ ಆಗಲಿಲ್ಲ.

ಒಂದು ವಿಗ್ರಹದ ಬಳಿ ಹಾನಾ ನಮ್ಮನ್ನೆಲ್ಲ ನಿಲ್ಲಿಸಿದಳು. ಕೆಳಗಿದ್ದ ಕಂಚಿನ ಚಿತ್ರ ಜನರು ಮುಟ್ಟಿ ಮುಟ್ಟಿ ಬಂಗಾರದಂತೆ ಹೊಳೆಯುತ್ತಿತ್ತು. ಸರೋಜ ನನಗೆ ಅರ್ಥ ಹೇಳಿದಳು. "ಅತ್ತಿಗೆ, ಈ ಸಂತನ ಹತ್ರ ರಾಣಿ ತನ್ನ ಗುಟ್ಟು ಹೇಳ್ಕೊಂಡಿದ್ಲಂತೆ. ಅದನ್ನು ಹೇಳು ಅಂತ ರಾಜ ಕೇಳಿದ. ಇವನು ಬಾಯೇ ಬಿಡ್ಲಿಲ್ಲ. ರಾಜ ಇದೇ ಸೇತುವೆಯಿಂದ ಹೊಳೆಗೆ ಎತ್ತಿ ಹಾಕಿಸಿಬಿಟ್ಟ."

ನಾನು ಸಂತನನ್ನು ನೋಡಿದೆ. ಸಂತ ನನ್ನನ್ನು ನೋಡಿದ. ಬಾಯಿ ಬಿಡದಿರುವುದರ ಕಷ್ಟ ಆ ಸೇತುವೆಯ ಮೇಲೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಸುಣ್ಣ ಹೆಚ್ಚಾಗಿ ಬಂದದ್ದು. ಹಾನಾ ಅದನ್ನು ಭಕ್ತಿ ಎಂದು ತಿಳಿದು ನನ್ನ ಭುಜ ತಟ್ಟಿ ಏನೋ ಕೇಳಿದಳು. ನಾನು "ಹ್ಞೂಂ" ಎಂದೆ. ಅವಳು ಸರೋಜಳಿಗೆ, ನಿಮ್ಮ ಅತ್ತಿಗೆಯಷ್ಟು ಮನಸ್ಸಿಟ್ಟು ನೋಡುವವರು ಈ ತಂಡದಲ್ಲಿ ಮತ್ತೊಬ್ಬರಿಲ್ಲ ಎಂದಳಂತೆ. ಸರೋಜಳಿಗೆ ಹೆಮ್ಮೆಯಾಯಿತು.

ಗಡಿಯಾರದ ಚೌಕ

ಸೇತುವೆ ದಾಟಿ, ಗಲ್ಲಿಗಳಲ್ಲಿ ತಿರುಗಿ, ಒಂದು ದೊಡ್ಡ ಚೌಕಕ್ಕೆ ಬಂದೆವು. ಕೊಪ್ಪದ ಬಸ್‌ಸ್ಟ್ಯಾಂಡು ಸಂತೆಯ ದಿನ ಹೇಗೋ ಹಾಗೆ. ಆದರೆ ಯಾರೂ ಕೂಗುವುದಿಲ್ಲ, ಯಾರೂ ಯಾರನ್ನೂ ತಳ್ಳುವುದಿಲ್ಲ. ಪುರಭವನದ ಗೋಪುರದಲ್ಲಿ ಒಂದು ಹಳೆಯ ಗಡಿಯಾರ. ಗಂಟೆಯಾದಾಗ ಕಿಟಕಿ ತೆರೆದು ಸಂತರ ಗೊಂಬೆಗಳು ಒಬ್ಬರ ಹಿಂದೊಬ್ಬರು ಬಂದು ಹೋಗುತ್ತಾರೆ, ಪಕ್ಕದಲ್ಲಿ ಒಂದು ಅಸ್ಥಿಪಂಜರ ಗಂಟೆ ಬಾರಿಸುತ್ತದೆ. ಸಾವಿನ ಗೊಂಬೆಯಂತೆ ಅದು. ನಮ್ಮಲ್ಲಿ ಯಮನನ್ನು ಗಡಿಯಾರದಲ್ಲಿ ಕೂರಿಸಿದರೆ ಯಾರು ಸಮಯ ನೋಡಿಯಾರು? ಇಲ್ಲಿ ಅವನು ಗಂಟೆ ಹೊಡೆಯುವುದನ್ನು ನೋಡಲು ಫೋನು ಎತ್ತಿ ಹಿಡಿದುಕೊಂಡು ಕಾಯುತ್ತಾರೆ.

ನನಗೆ ಗಡಿಯಾರ ಬೇಕಾಗಿರಲಿಲ್ಲ. ಬಾಯಿ ಕೆರೆಯ ಕೋಡಿಯಂತೆ ತುಂಬಿ ನಿಂತಿತ್ತು. ಒಂದು ತೊಟ್ಟು ಹೆಚ್ಚಾದರೆ ಹರಿಯುತ್ತದೆ. ಬಚ್ಚಲುಮನೆಗೆ ಹೋಗೋಣವೆಂದರೆ ಅಲ್ಲಿ ಬಾಗಿಲಿಗೆ ನಾಣ್ಯ ಹಾಕಬೇಕು, ನಾಣ್ಯಗಳೆಲ್ಲ ಸರೋಜಳ ಚೀಲದಲ್ಲಿ. ಅವಳ ಕೈ ಹಿಡಿದು ಕಿರುಬೆರಳು ತೋರಿಸಿದೆ.

"ಈಗಷ್ಟೇ ಹೋಟ್ಲಲ್ಲಿ ಹೋದ್ರಲ್ಲ ಅತ್ತಿಗೆ!" ಎಂದಳು, ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವ ಗಂಟಲಿನಲ್ಲಿ. "ಗಡಿಯಾರ ಹೊಡೆಯೋ ಹೊತ್ತು, ಸ್ವಲ್ಪ ತಡ್ಕೊಳ್ಳಿ."

ತಡೆದುಕೊಳ್ಳುವಂತಿರಲಿಲ್ಲ. ಎಲ್ಲರೂ ಮೇಲೆ ನೋಡುತ್ತಿರುವಾಗ ನಾನು ಗೋಡೆ ಹಿಡಿದು ಮೆಲ್ಲಗೆ ಜಾರಿದೆ. ಪುರಭವನದ ಒಂದು ಬಾಗಿಲ ಕಮಾನಿನ ಒಳಗೆ ಒಂದು ಡಬ್ಬಿ ಕಂಡಿತು. ಪಕ್ಕದಲ್ಲಿ ನರಪಿಳ್ಳೆ ಇಲ್ಲ. ದೇವರಿದ್ದಾನೆ ಎಂದುಕೊಂಡು ಬಗ್ಗಿದೆ.

ಬೆನ್ನ ಹಿಂದೆ ಬಾಗಿಲು ತೆರೆಯಿತು.

ಪುರಭವನದ ಬಾಗಿಲಲ್ಲಿ

ಒಳಗಿಂದ ಒಂದು ಮದುವೆಯೇ ಹೊರಗೆ ಬಂತು. ಬಿಳಿ ಗೌನಿನ ಹುಡುಗಿ, ಕಪ್ಪು ಕೋಟಿನ ಹುಡುಗ, ಹಿಂದೆ ನೆಂಟರಿಷ್ಟರು. ಅಲ್ಲಿ ಪುರಭವನದಲ್ಲಿಯೇ ಮದುವೆಯಂತೆ. ನಾನು ಗೋಡೆಗೆ ಅಂಟಿಕೊಂಡೆ. ಆದರೆ ಕಮಾನು ಕಿರಿದು. ಮದುವೆಯ ದಿಬ್ಬಣ ನನ್ನನ್ನು ಹೊಳೆಯ ಸೆಳವು ಎಲೆಯನ್ನು ಒಯ್ದಂತೆ ಒಯ್ದು ಚೌಕದಲ್ಲಿ ನಿಲ್ಲಿಸಿತು, ಅದೂ ಸರಿಯಾಗಿ ಮಧ್ಯದಲ್ಲಿ.

ರೇಷ್ಮೆ ಸೀರೆ ಉಟ್ಟಿದ್ದೆನಲ್ಲ, ಪ್ರವಾಸಿ ಎಂದು ಯಾರಿಗೂ ಅನಿಸಲಿಲ್ಲ. ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವಳೆಂದು ತಿಳಿದು ನಗುತ್ತಾ ತಲೆಬಾಗಿದರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವಳೆಂದು ತಿಳಿದು ದಾರಿ ಬಿಟ್ಟರು. ನಮ್ಮ ಮದುವೆಗಳಲ್ಲಿ ಊಟದ ಪಂಕ್ತಿಗೆ ನುಸುಳುವವರು ಇದೇ ಉಪಾಯದಿಂದ ಬದುಕುತ್ತಾರೆ. ಯಾವ ದೇಶದಲ್ಲಾದರೂ ಮದುವೆ ಮದುವೆಯೇ. ಇಲ್ಲ, ನಾನು ಬಾಳಗಡಿಯವಳು, ಉಗುಳಲು ಬಂದವಳು ಎಂದು ಹೇಳಬೇಕಾದರೆ ಬಾಯಿ ತೆರೆಯಬೇಕು. ತೆರೆದರೆ ಆ ಬಿಳಿ ಗೌನಿನ ಗತಿ?

ಆಗ ಒಬ್ಬ ಅಜ್ಜಿ ಬಂದಳು. ನನ್ನದೇ ವಯಸ್ಸು. ಕೆಂಪು ಕೋಟು, ಹೂವಿನ ಟೊಪ್ಪಿ, ಕೈಯಲ್ಲಿ ಕೋಲು. ನನ್ನ ತೋಳಿಗೆ ತನ್ನ ತೋಳು ಸಿಕ್ಕಿಸಿ, ತನ್ನ ಭಾಷೆಯಲ್ಲಿ ಏನೋ ಒಂದೇ ಸಮನೆ ಹೇಳುತ್ತಾ ಎಲ್ಲರಿಗಿಂತ ಮುಂದಕ್ಕೆ ಕರೆದುಕೊಂಡು ಹೋದಳು. ನಾನು ತಲೆ ಅಲ್ಲಾಡಿಸಿದೆ. ನಾವು ಬೇಡ ಎನ್ನಲು ತಲೆ ಅಲ್ಲಾಡಿಸುವುದು ಅವಳಿಗೆ ಹೇಗೆ ಕಂಡಿತೋ, ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಇದ್ದಕ್ಕಿದ್ದಂತೆ ಗುಂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಅಂಗಿಯ ಗುಂಡಿ ಹಿಡಿದುಕೊಂಡರು. ನಾನು ಗಾಬರಿಯಾದೆ. ಗುಂಡಿ ಕಿತ್ತು ಬಿತ್ತೇ? ಎಲ್ಲರದೂ ಒಟ್ಟಿಗೇ? ನೋಡಿದರೆ ಮೈಯೆಲ್ಲ ಕಪ್ಪು ಬಟ್ಟೆ, ಹೆಗಲ ಮೇಲೆ ಕುಂಚ, ಕೈಗೆಲ್ಲ ಮಸಿ ಬಳಿದುಕೊಂಡ ಒಬ್ಬ ಮನುಷ್ಯ ನಗುತ್ತಾ ಬರುತ್ತಿದ್ದ. ಮನೆಗಳ ಹೊಗೆಗೂಡು ಗುಡಿಸುವವನು. ಅವನು ಎದುರು ಬಂದರೆ ಅಲ್ಲಿ ಮಹಾ ಶುಭಶಕುನ, ಕಂಡ ಕೂಡಲೇ ಗುಂಡಿ ಹಿಡಿದುಕೊಂಡರೆ ಅದೃಷ್ಟ, ಮದುವೆಗೆ ಅವನನ್ನು ಕರೆಸುವುದೂ ಉಂಟು ಎಂದು ಹಾನಾ ಆಮೇಲೆ ತಿಳಿಸಿದಳು. ನನ್ನ ರವಿಕೆಗೆ ಹುಕ್ಕು. ಏನು ಹಿಡಿದುಕೊಳ್ಳಲಿ? ಸೆರಗಿನ ತುದಿ ಹಿಡಿದುಕೊಂಡೆ. ಮಕ್ಕಳೇ, ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಿದ್ದಾರೋ ಎಂದು ಕಿಟಕಿಯಿಂದ ನೋಡಿಕೊಂಡು, ಅವರು ದಾಟಿ ಹೋದ ಮೇಲೆ ಮೆಟ್ಟಿಲು ಇಳಿಯುವವಳು ನಿಮ್ಮ ಅಜ್ಜಿ. ನಾನು ಎದುರಾದರೆ ಅವರು ವಾಪಸು ಹೋಗಿ, ಕುಳಿತು, ನೀರು ಕುಡಿದು ಹೊರಡಬೇಕಾಗುತ್ತದೆ ಎಂಬ ಸಂಕೋಚ. ಇಲ್ಲಿ ನೋಡಿದರೆ ಮಸಿ ಮೆತ್ತಿಕೊಂಡವನಿಗಾಗಿ ಕಾಯುತ್ತಾರೆ. ಯಾವುದು ಶಕುನ, ಯಾವುದು ಅಪಶಕುನ ಎಂದು ಬರೆದವರು ಒಂದು ಕಡೆ ಕುಳಿತು ಬರೆದದ್ದಲ್ಲ ಎಂದು ನನಗೆ ಅನಿಸಿತು.

ಅವನು ಮದುಮಕ್ಕಳ ಮೂಗಿಗೆ ಒಂದೊಂದು ಬೊಟ್ಟು ಮಸಿ ಇಟ್ಟ. ಕೆಂಪು ಕೋಟಿನ ಅಜ್ಜಿಗೆ ಇಟ್ಟ. ಆಮೇಲೆ ನನ್ನ ಮೂಗಿಗೂ ಇಟ್ಟುಬಿಟ್ಟ.

ಅಷ್ಟರಲ್ಲಿ ಯಾರೋ ಅಜ್ಜಿಯ ಕೈಗೂ ನನ್ನ ಕೈಗೂ ಕಾಗದದ ಪೊಟ್ಟಣ ಕೊಟ್ಟರು. ಬಿಡಿಸಿದರೆ ಅಕ್ಕಿ! ಹಸಿ ಅಕ್ಕಿ. ಅವರಿಗೂ ಅಕ್ಷತೆಯುಂಟು. ಆದರೆ ಹಾಕುವ ಕ್ರಮ ಗೊತ್ತಿಲ್ಲ. ಹಕ್ಕಿ ಓಡಿಸಲು ಕಲ್ಲು ಬೀಸುವ ಹಾಗೆ ದೂರದಿಂದ ಬೀಸುತ್ತಾರೆ. ಹುಡುಗಿ ಕಣ್ಣು ಮುಚ್ಚಿ, ಮುಖ ತಿರುಗಿಸಿ ತಪ್ಪಿಸಿಕೊಳ್ಳುತ್ತಿದ್ದಳು. ಆ ಕೂಸಿನ ಕಣ್ಣಿಗೆ ಬಿದ್ದೀತು ಎಂದು ನನಗೆ ಸಂಕಟವಾಯಿತು. ಮುಂದೆ ಏನಾಯಿತೋ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ಹುಡುಗಿಯ ತಲೆಯ ಮೇಲೆ ಮೆಲ್ಲಗೆ ಅಕ್ಕಿ ಹಾಕಿ, ಅಂಗೈಯನ್ನು ಅಲ್ಲೇ ಇಟ್ಟೆ. ಆಮೇಲೆ ಹುಡುಗನಿಗೂ. ಮನಸ್ಸಿನಲ್ಲೇ ನೂರು ಕಾಲ ಬಾಳಿ ಎಂದೆ. ಬಾಯಲ್ಲಿ ಹೇಳುವಂತಿರಲಿಲ್ಲವಲ್ಲ.

ಬೀಸುತ್ತಿದ್ದವರೆಲ್ಲ ನಿಲ್ಲಿಸಿದರು. ಹುಡುಗಿ ಕಣ್ಣು ತೆರೆದು ನನ್ನನ್ನು ನೋಡಿದಳು. ತಲೆ ಇನ್ನಷ್ಟು ಬಗ್ಗಿಸಿದಳು. ಆಮೇಲೆ ಎರಡೂ ಕೈಯಿಂದ ನನ್ನನ್ನು ತಬ್ಬಿ ಹಿಂಡಿಬಿಟ್ಟಳು.

ಗುಳುಂ ಎಂದು ಎಲ್ಲ ಒಳಗೆ ಹೋಯಿತು. ಎಲೆ, ಅಡಿಕೆ, ಸುಣ್ಣ, ರಸ, ಎಲ್ಲ.

ಫೋಟೋದವನು ನಗಿ ಎಂದು ಸನ್ನೆ ಮಾಡಿದ. ನಕ್ಕೆ. ಅವನು ಕ್ಲಿಕ್ ಮಾಡಿದವನೇ ಕ್ಯಾಮರಾ ಕೆಳಗಿಳಿಸಿ ಕೂಗಿದ. ನನ್ನನ್ನು ಹುಡುಕುತ್ತಾ ಅಲ್ಲಿಗೆ ಓಡಿ ಬಂದಿದ್ದ ಹಾನಾ ನನ್ನ ಬಾಯಿ ನೋಡಿ ಕಿಟಾರನೆ ಕಿರುಚಿದಳು. ರಕ್ತ! ಮದುವೆಗೆ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು ಜನರನ್ನು ಸರಿಸಿಕೊಂಡು ಬಂದು, ನನ್ನ ಗಲ್ಲ ಹಿಡಿದು ಫೋನಿನ ಟಾರ್ಚು ಬಿಟ್ಟು ನೋಡಿದರು. ಅಡಿಕೆ ಸೊಕ್ಕಿ ನನಗೆ ಬೆವರು, ಬಿಕ್ಕಳಿಕೆ ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಸರೋಜ ಬಂದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ಅರ್ಥವಾಯಿತು.

"ಅತ್ತಿಗೇ! ನಾನು ಬೇಡ ಅಂದಿರಲಿಲ್ವಾ?"

"ಹಿಕ್" ಎಂದೆ.

ಅವಳು ನನ್ನ ಸೊಂಟದಿಂದ ಸಂಚಿ ಎಳೆದು ಎಲ್ಲರಿಗೂ ತೋರಿಸಿ ಇಂಗ್ಲಿಷಿನಲ್ಲಿ ಒಂದು ಪಾಠವನ್ನೇ ಮಾಡಿದಳು. ಎಲೆ, ಅಡಿಕೆ, ಸುಣ್ಣ ಸೇರಿದರೆ ಕೆಂಪು, ರಕ್ತವಲ್ಲ, ರೋಗವಲ್ಲ, ನಮ್ಮಲ್ಲಿ ಇದಿಲ್ಲದೆ ಮದುವೆಯೇ ಇಲ್ಲ ಎಂದಳಂತೆ. ಹಾನಾ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಎಲ್ಲರೂ ಒಮ್ಮೆ ಸಂಚಿಯನ್ನು, ಒಮ್ಮೆ ನನ್ನ ಬಾಯಿಯನ್ನು ನೋಡಿದರು. ಆಮೇಲೆ ನೋಡಿ, ಆ ಕೆಂಪು ಕೋಟಿನ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ಅವಳು ನಕ್ಕದ್ದು ನೋಡಿ ಉಳಿದವರಿಗೂ ಧೈರ್ಯ ಬಂತು.

ನಾನು ಒಂದು ಎಲೆಯ ಮೇಲೆ ಅಡಿಕೆ ಇಟ್ಟು ಆ ಅಜ್ಜಿಗೆ ವೀಳ್ಯ ಕೊಟ್ಟೆ. ಮದುವೆಮನೆಯಿಂದ ಬರಿಗೈಯಲ್ಲಿ ಹೊರಡುವುದು ಹೇಗೆ? ಅವಳು ಅದನ್ನು ಬಾಯಿಗೆ ಹಾಕಲಿಲ್ಲ, ಪುಣ್ಯ. ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಳು.

ಟ್ರಾಮಿನಲ್ಲಿ

ಹೋಟೆಲಿಗೆ ವಾಪಸು ಹೋಗುವಾಗ ಟ್ರಾಮಿನಲ್ಲಿ ಕುಳಿತೆವು. ಅದು ರಸ್ತೆಯ ನಡುವೆಯೇ ಹೋಗುವ ಪುಟ್ಟ ರೈಲು. ಸರೋಜ ಕಿಟಕಿಯ ಕಡೆ ಮುಖ ಮಾಡಿ ಮುನಿಸಿಕೊಂಡಿದ್ದಳು. ಎದುರು ಕುಳಿತವರೆಲ್ಲ ನನ್ನನ್ನು ನೋಡಿ ಮುಗುಳ್ನಗುತ್ತಿದ್ದರು. ಎಷ್ಟು ಒಳ್ಳೆಯ ಜನ ಎಂದುಕೊಂಡೆ. ಮೂಗಿನ ಮೇಲೆ ಮಸಿ ಹಾಗೇ ಇದ್ದದ್ದು ಹೋಟೆಲಿನ ಕನ್ನಡಿಯಲ್ಲಿ ಕಂಡದ್ದು.

ಬಿಕ್ಕಳಿಕೆ ನಿಂತ ಮೇಲೆ ನಾನು ಮೆಲ್ಲಗೆ ಕೇಳಿದೆ. "ಸರೋಜ, ಆ ಕೆಂಪು ಕೋಟಿನವಳು ಯಾರಂತೆ?"

"ಮದುಮಗಳ ಅಜ್ಜಿಯಂತೆ."

"ಅವಳ ಯಜಮಾನರು ಕಾಣಲಿಲ್ಲ?"

ಸರೋಜ ಹಾನಾಳನ್ನು ಕೇಳಿದಳು. ಹಾನಾ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ಹೋಗಿ ಎಷ್ಟೋ ಕಾಲ ಆಯ್ತಂತೆ ಅತ್ತಿಗೆ. ಇವತ್ತು ಮದುವೆಗೆ ಸಾಕ್ಷಿ ಹಾಕಿದ್ದೂ ಅವಳೇ ಅಂತೆ. ಮೊಮ್ಮಗಳು ಹಟ ಹಿಡಿದ್ಲಂತೆ, ಅಜ್ಜಿಯೇ ಆಗ್ಬೇಕು ಅಂತ."

ನಾನು ಕಿಟಕಿಯಾಚೆ ನೋಡಿದೆ. ಹೊರಗೆ ದೀಪಗಳು ಹತ್ತುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಸರೋಜ ನನ್ನ ಕಡೆ ತಿರುಗಿದಳು. ಮುನಿಸು ಇಳಿದಿತ್ತು.

"ಅಲ್ಲ ಅತ್ತಿಗೆ, ಅಷ್ಟು ಜನರ ಮುಂದೆ ಹೋಗಿ ಆ ಹುಡುಗಿ ತಲೆ ಮೇಲೆ ಕೈ ಇಟ್ರಲ್ಲ. ನಿಮಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು" ಎಂದೆ. "ಆದ್ರೆ ಬೇಡ ಅನ್ನೋದಕ್ಕೆ ಬಾಯಿ ಖಾಲಿ ಇರ್ಲಿಲ್ಲ."

ಸರೋಜ ನಕ್ಕಳು. ಎಷ್ಟು ಜೋರಾಗಿ ಎಂದರೆ, ಟ್ರಾಮಿನ ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿದ.

ಮತ್ತೆ ಬಾಳಗಡಿ

ಪ್ರಾಗಿನ ಯಾವುದೋ ಒಂದು ಮನೆಯ ಗೋಡೆಯ ಮೇಲೆ ಈಗ ಆ ಮದುವೆಯ ಫೋಟೋ ತೂಗುತ್ತಿರಬಹುದು. ಮದುಮಕ್ಕಳ ಪಕ್ಕದಲ್ಲೇ, ಎಲ್ಲರಿಗಿಂತ ಮುಂದೆ, ಕೆಂಪು ಬಾಯಿಯ, ಕಪ್ಪು ಮೂಗಿನ, ಶೂ ಹಾಕಿದ ನಿಮ್ಮ ಅಜ್ಜಿ. ನನ್ನ ಮದುವೆಯ ನಂತರ ಯಾವ ಮದುವೆಯ ಫೋಟೋದಲ್ಲೂ ನಾನು ಅಷ್ಟು ಮುಂದೆ ನಿಂತದ್ದಿಲ್ಲ. ಅವರ ಮನೆಗೆ ಬಂದವರು, ಇವಳು ಯಾರು ಎಂದು ಕೇಳಿದರೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳು ಎನ್ನುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವಳು ಎನ್ನುತ್ತಾರೆ.

ಸಹನಾ, ಈಗ ನಿನ್ನ ಉತ್ತರ.

ಮೊದಲ ಆರತಿ ನಾನೇ ಎತ್ತುತ್ತೇನೆ. ಪರದೇಶದ ಯಾರದೋ ಮನೆಯ ಕೂಸಿಗೆ ನನ್ನ ಕೈ ಆಗುವುದಾದರೆ ನನ್ನ ಮನೆಯ ಕೂಸಿಗೆ ಯಾಕಾಗಬಾರದು? ಆರತಿಯ ತಟ್ಟೆಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡುವುದೂ ನಾನೇ, ಬೇರೆಯವರು ಮಾಡಿದರೆ ಸುಣ್ಣ ಹೆಚ್ಚು ಹಾಕುತ್ತಾರೆ.

ಆದರೆ ನನಗೆ ಹೆದರಿಕೆ ಹೋಗಿದೆ ಎಂದು ತಿಳಿಯಬೇಡ. ಗಂಡಿನ ಕಡೆಯವರು, ಬೀದಿಯವರು, ಮಂಟಪದ ಪುರೋಹಿತರು, ಯಾರಾದರೊಬ್ಬರು ಬಂದು, "ಇದೆಂತ, ನೀವು ಆರತಿ ಎತ್ತೋದಾ?" ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಏನು ಮಾಡಬೇಕೆಂದು ನಾನು ಪ್ರಾಗಿನಲ್ಲಿ ಕಲಿತು ಬಂದಿದ್ದೇನೆ. ಧಾರೆಯ ದಿನ ಬೆಳಿಗ್ಗೆ ನೀನು ನನಗೆ ಒಂದು ಕವಳ ಮಡಿಸಿ ಕೊಡು, ದೊಡ್ಡದು. ಯಾರು ಏನೇ ಕೇಳಲಿ, ನಾನು ಸುಮ್ಮನೆ ಅವರ ಮುಖ ನೋಡಿ ತಲೆಯಾಡಿಸುತ್ತೇನೆ. ಉತ್ತರ ಹೇಳುವುದಕ್ಕೆ ಬಾಯಿ ಖಾಲಿ ಇರುವುದಿಲ್ಲ.

ನೀನು ಮಾತ್ರ ಆರತಿ ಮುಗಿಯುವವರೆಗೆ ನನ್ನನ್ನು ತಬ್ಬಬೇಡ.